ಹೆಣ ಎತ್ತಿದವರಿಗೆ ಯಾವ ಪದವಿ?

ಹೊಳೆದಂಡೆಯ ಒಂದು ತಾಲ್ಲೂಕು ಊರಿನ ಕಾಲೇಜಿನಲ್ಲಿ ಈಚೆಗೆ ಒಂದು ಸಣ್ಣ ಸಭೆ ನಡೆಯಿತು. ನಾಲ್ಕೈದು ಜನ ಅಧ್ಯಾಪಕರು, ಇಪ್ಪತ್ತು ಮೂವತ್ತು ವಿದ್ಯಾರ್ಥಿಗಳು, ಸಂಘಟನೆಯಿಂದ ನಾವು ಕೆಲವರು. ವಿಪತ್ತು ನಿರ್ವಹಣೆ ಅನ್ನುವ ವಿಷಯದಲ್ಲಿ ಮೂರು ವರ್ಷದ ಪದವಿ ತರಗತಿ ಶುರುಮಾಡಬೇಕೆಂದು ಒಬ್ಬ ಅಧ್ಯಾಪಕರು ತಿಂಗಳುಗಟ್ಟಲೆ ಕೂತು ಪಠ್ಯಕ್ರಮದ ಕರಡು ತಯಾರಿಸಿದ್ದರು. ಪ್ರಾಮಾಣಿಕ ಮನುಷ್ಯ. ಒಂದೊಂದಾಗಿ ಓದಿದರು: ಭೂಕಂಪ, ನೆರೆ, ಬರ, ಬೆಂಕಿ, ಮುನ್ನೆಚ್ಚರಿಕೆ, ಸಿದ್ಧತೆ, ರಕ್ಷಣೆ, ಪುನರ್ವಸತಿ, ಉಪಗ್ರಹದ ನಕಾಶೆ, ಕಾನೂನು, ಕಡೆಗೆ ಒಂದು ತಿಂಗಳ ಕ್ಷೇತ್ರಕಾರ್ಯ.

ಹಿಂದಿನ ಬೆಂಚಿನಲ್ಲಿ ಒಬ್ಬ ವಿದ್ಯಾರ್ಥಿಯ ಅಜ್ಜ ಕೂತಿದ್ದ. ಪುರಸಭೆಯಲ್ಲಿ ಮೂವತ್ತು ವರ್ಷ ಕಸ ಎತ್ತಿ ನಿವೃತ್ತನಾದವನು. 2009ರಲ್ಲಿ ಹೊಳೆ ಊರೊಳಗೆ ನುಗ್ಗಿದಾಗ ಕೆಸರಿನಿಂದ ಹೆಣ, ಸತ್ತ ದನ ಎಳೆದು ಹಾಕಿದವರಲ್ಲಿ ಅವನೂ ಒಬ್ಬ. ಓದು ಮುಗಿದ ಮೇಲೆ ಎದ್ದು ನಿಂತ.

"ಎಲ್ಲಾ ಛಲೋ ಐತ್ರಿ ಸರ. ಆದ್ರ ಹೆಣ ಎತ್ತೂದನ್ನ ಯಾವ ವರ್ಷದಾಗ ಕಲಸ್ತೀರಿ? ಮೊದಲನೇ ವರ್ಷದಾಗೋ, ಕಡೀ ವರ್ಷದಾಗೋ?"

ಹುಡುಗರು ನಕ್ಕರು. ಅಧ್ಯಾಪಕರು ಮೆತ್ತಗೆ ಹೇಳಿದರು: "ಯಜಮಾನ್ರ, ಅದು ಪಠ್ಯದಾಗ ಬರೂದಿಲ್ಲ. ಅದಕ್ಕ ಬ್ಯಾರೆ ಮಂದಿ ಇರ್ತಾರ."

"ಹೌದ್ರಿ. ಆ ಬ್ಯಾರೆ ಮಂದಿ ನಾವ," ಅಂದ ಅಜ್ಜ, ಕೂತ.

ಆಮೇಲೆ ಯಾರೂ ನಗಲಿಲ್ಲ. ಅಧ್ಯಾಪಕರ ಮುಖ ಸಣ್ಣದಾಯಿತು. ಅವರು ಅಜ್ಜನಿಗೆ ಅವಮಾನ ಮಾಡಬೇಕೆಂದು ಆ ಮಾತು ಆಡಿದವರಲ್ಲ. ಕೆಡುಕು ಇರುವುದೇ ಅಲ್ಲಿ. ಕೇಡು ಬಯಸದ ಮನುಷ್ಯನ ಬಾಯಲ್ಲೂ ಆ ಮಾತು ಎಷ್ಟು ಸಲೀಸಾಗಿ ಬಂತು ನೋಡಿ. ಪಠ್ಯ ಬಿಟ್ಟ ಜಾಗವನ್ನು ಜಾತಿ ತುಂಬುತ್ತದೆ ಅನ್ನೋದು ನಮಗೆ ಅವತ್ತು ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಈ ಬರಹ ಅಜ್ಜನ ಪ್ರಶ್ನೆಗೆ ನಾವು ಹುಡುಕಿಕೊಂಡ ಉತ್ತರ.

*

ಮೊದಲು ಈ ವಿದ್ಯೆ ಎಲ್ಲಿಂದ ಬಂತು ಅನ್ನೋದನ್ನ ನೋಡೋಣ. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡು ತುಂಬಿದ ಹಡಗೊಂದು ಸಿಡಿಯಿತು. ಸುಮಾರು 2,000 ಜನ ಸತ್ತರು, ಊರಿನ ಉತ್ತರ ಭಾಗ ನೆಲಸಮವಾಯಿತು. ಸ್ಯಾಮ್ಯುಯೆಲ್ ಪ್ರಿನ್ಸ್ ಎಂಬ ಪಾದ್ರಿ ಆ ಊರಿನ ಅನುಭವವನ್ನೇ ವಿಷಯ ಮಾಡಿಕೊಂಡು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ. ಅದು 1920ರಲ್ಲಿ ಅಚ್ಚಾಯಿತು. ವಿಪತ್ತಿನಲ್ಲಿ ಸಮಾಜ ಹೇಗೆ ನಡೆದುಕೊಳ್ಳುತ್ತದೆ ಅನ್ನುವ ಅಧ್ಯಯನ ಅಲ್ಲಿಂದ ಶುರುವಾಯಿತು ಅಂತ ಪಂಡಿತರು ಹೇಳುತ್ತಾರೆ. ಮುಂದೆ ಅಣುಬಾಂಬಿನ ಭಯದ ಕಾಲದಲ್ಲಿ ಅಮೆರಿಕದ ಸರ್ಕಾರಕ್ಕೆ ಒಂದು ಚಿಂತೆ ಹತ್ತಿತು: ಬಾಂಬು ಬಿದ್ದರೆ ಜನ ದಿಕ್ಕೆಟ್ಟು ಓಡುತ್ತಾರೋ ಏನೋ? ಆ ಚಿಂತೆಯ ದುಡ್ಡಿನಿಂದಲೂ ಸಂಶೋಧನೆ ಬೆಳೆಯಿತು. 1963ರಲ್ಲಿ ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ವಿಪತ್ತು ಸಂಶೋಧನಾ ಕೇಂದ್ರ ಹುಟ್ಟಿತು. ಅಲ್ಲಿನ ಸಮಾಜಶಾಸ್ತ್ರಜ್ಞರು ಊರೂರು ತಿರುಗಿ ಕಂಡುಕೊಂಡದ್ದು ಸರ್ಕಾರ ಅಂದುಕೊಂಡಿದ್ದಕ್ಕೆ ತಿರುಗುಮುರುಗು. ಜನ ಅಷ್ಟು ಸುಲಭವಾಗಿ ದಿಕ್ಕೆಡುವುದಿಲ್ಲ. ಅಧಿಕಾರಿಯ ಜೀಪು ಬರುವುದರೊಳಗೆ ಅಕ್ಕಪಕ್ಕದವರೇ ಅಕ್ಕಪಕ್ಕದವರನ್ನು ಹೊರಗೆಳೆದಿರುತ್ತಾರೆ.

1983ರಲ್ಲಿ ಟೆಕ್ಸಸ್‌ನ ನಾರ್ತ್ ಟೆಕ್ಸಸ್ ವಿಶ್ವವಿದ್ಯಾಲಯ ಈ ವಿಷಯಕ್ಕೆ ಮೊದಲ ಪದವಿ ತರಗತಿ ತೆರೆಯಿತು. ಫೀಮಾ ಅಂತ ಕರೆಯುವ ಅಲ್ಲಿನ ಕೇಂದ್ರ ವಿಪತ್ತು ಸಂಸ್ಥೆ 1994ರಲ್ಲಿ ಕಾಲೇಜುಗಳಿಗಾಗಿಯೇ ಒಂದು ಯೋಜನೆ ಹಾಕಿಕೊಂಡಿತು. ಆಗ ಬೆರಳೆಣಿಕೆಯಷ್ಟಿದ್ದ ತರಗತಿಗಳು ಆಮೇಲೆ ನೂರಾರಾದವು.

ನಮ್ಮಲ್ಲಿ ಈ ಮಾತು ಜೋರಾಗಿ ಕೇಳಿದ್ದು 2001ರ ಜನವರಿ 26ರ ಗುಜರಾತ್ ಭೂಕಂಪ, 2004ರ ಡಿಸೆಂಬರ್ 26ರ ಸುನಾಮಿ ಆದ ಮೇಲೆ. 2005ರಲ್ಲಿ ವಿಪತ್ತು ನಿರ್ವಹಣಾ ಕಾಯಿದೆ ಬಂತು. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಂಥ ಕಡೆ ಸ್ನಾತಕೋತ್ತರ ತರಗತಿಗಳಾದವು. 2016ರಲ್ಲಿ ಪ್ರಧಾನಿ ಹತ್ತು ಅಂಶಗಳ ಕಾರ್ಯಸೂಚಿ ಹೇಳಿದಾಗ ಅದರಲ್ಲಿ ವಿಶ್ವವಿದ್ಯಾಲಯಗಳ ಜಾಲ ಕಟ್ಟಬೇಕು ಅನ್ನೋದೂ ಒಂದಾಗಿತ್ತು. ಅಂತೂ ಈ ಪದವಿ ನಮ್ಮ ತಾಲ್ಲೂಕು ಕಾಲೇಜುಗಳ ಬಾಗಿಲಿಗೂ ಬಂದಿದೆ. ಬೇಡ ಅನ್ನುವುದೋ, ಬಾ ಅನ್ನುವುದೋ?

*

ಬೇಡ ಅನ್ನುವವರು ನಮ್ಮ ಗೆಳೆಯರಲ್ಲೇ ಇದ್ದಾರೆ. ಅವರ ವಾದ ಇಷ್ಟು: ಬಡವರ ಮನೆಗೆ ನೀರು ನುಗ್ಗೋದಕ್ಕೂ ಈಗ ಮೇಲ್ಜಾತಿಯ ಹುಡುಗರಿಗೆ ನೌಕರಿ ಹುಟ್ಟುತ್ತೆ. ನಮ್ಮ ಗುಡಿಸಲು ಕೊಚ್ಚಿಹೋಗುತ್ತೆ, ಅವರು ಬಂದು ಫೋಟೋ ಹಿಡಿದು ಪ್ರಬಂಧ ಬರೀತಾರೆ. ನಮಗೆ ಬೇಕಾದ್ದು ಭೂಮಿ, ಮನೆ, ಕೂಲಿ. ಪದವಿಯಿಂದ ಏನಾಗಬೇಕಾಗಿದೆ?

ಈ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ಸಿಟ್ಟು ಇಲ್ಲಿಗೇ ನಿಂತರೆ ನಮಗೇ ಲುಕ್ಸಾನು. ಯಾಕೆ ಅಂತ ಹೇಳುತ್ತೇವೆ. 2005ರ ಆಗಸ್ಟ್ 29ರಂದು ಕಟ್ರೀನಾ ಚಂಡಮಾರುತ ಅಮೆರಿಕದ ದಕ್ಷಿಣ ತೀರಕ್ಕೆ ಅಪ್ಪಳಿಸಿತು. ನ್ಯೂ ಆರ್ಲಿಯನ್ಸ್ ನಗರದ ಒಡ್ಡುಗಳು ಒಡೆದವು. ಊರು ಬಿಟ್ಟು ಹೋಗಿ ಅಂತ ಮುಂಚೆಯೇ ಆಜ್ಞೆಯಾಗಿತ್ತು. ಕಾರು ಇದ್ದವರು ಹೋದರು. ಕಾರಿಲ್ಲದ ಬಡವರು, ಮುದುಕರು, ಅವರಲ್ಲಿ ಬಹುಪಾಲು ಕರಿಯರು, ಮಾಳಿಗೆ ಮೇಲೆ ಉಳಿದರು. 1,300ಕ್ಕೂ ಹೆಚ್ಚು ಜನ ಸತ್ತರು. ಆಗ ಫೀಮಾದ ಮುಖ್ಯಸ್ಥನಾಗಿದ್ದ ಮೈಕೆಲ್ ಬ್ರೌನ್ ಆ ಸಂಸ್ಥೆಗೆ ಬರುವ ಮೊದಲು ಇದ್ದದ್ದು ಅರಬ್ಬೀ ಕುದುರೆಗಳ ಒಂದು ಸಂಘದಲ್ಲಿ. ರಾಜಕೀಯದ ಪರಿಚಯದಿಂದ ಬಂದವನು. ಮೇಲೆ ಕೂತವನಿಗೆ ಕೆಲಸ ಗೊತ್ತಿಲ್ಲದಿದ್ದರೆ ಅದರ ಬೆಲೆ ತೆರುವವರು ಯಾವಾಗಲೂ ಕೆಳಗಿದ್ದವರು. ಹಾಗಾಗಿ ಕೆಲಸ ಕಲಿತವನೇ ಆ ಕುರ್ಚಿಯಲ್ಲಿ ಕೂರಬೇಕು ಅಂತ ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ನಮಗಿದೆ. ಕಾರು ಇರುವವನಿಗೆ ಅಧಿಕಾರಿ ದಡ್ಡನಾದರೂ ನಡೀತದೆ. ನಮಗೆ ನಡಿಯೋದಿಲ್ಲ.

ಅಷ್ಟು ಮಾತ್ರವಲ್ಲ. ಯಾವ ವಿದ್ಯೆಗೂ ನಾವು ಹೊರಗೇ ನಿಂತು ಕಲ್ಲು ಹೊಡೆದರೆ ಒಳಗಿನವರಿಗೆ ಸಂತೋಷವೇ. ಒಳಗೆ ಹೋಗಿ ಅದರ ಪಾಠಪಟ್ಟಿಗೆ ಕೈಹಾಕಬೇಕು. ಅದಕ್ಕೇ ನಾವು ಈ ಪದವಿ ಬರಲಿ ಅನ್ನುತ್ತೇವೆ. ಆದರೆ ಯಾವ ಪಾಠದೊಂದಿಗೆ ಬರಬೇಕು ಅನ್ನೋದೇ ನಮ್ಮ ಜಗಳ.

*

ಹೊಸ ವಿದ್ಯೆ ಅಂತ ಇದನ್ನು ಕರೆಯುತ್ತಾರೆ. ನಮ್ಮ ಹಳ್ಳಿಗಳಿಗೆ ಇದು ಹೊಸದೇ? ಹಳೇ ಮೈಸೂರಿನ ಕಡೆ ಕೆರೆಯ ನೀರಗಂಟಿ ಯಾರು? ಎಷ್ಟೋ ಊರುಗಳಲ್ಲಿ ಕೇರಿಯವನು. ಏರಿಯಲ್ಲಿ ಎಲ್ಲಿ ನೀರು ಜಿನುಗುತ್ತಿದೆ, ತೂಬು ಯಾವಾಗ ಎತ್ತಬೇಕು, ಕೋಡಿ ಬಿದ್ದರೆ ಮೊದಲು ಯಾರ ಹೊಲಕ್ಕೆ ಕುತ್ತು, ಎಲ್ಲ ಅವನಿಗೆ ಗೊತ್ತು. ಊರಿಗೆ ಸುದ್ದಿ ಮುಟ್ಟಿಸಲು ತಮಟೆ ಬಡಿದು ಡಂಗುರ ಸಾರಿದವನು ಯಾರು? ರಾತ್ರಿ ಊರು ಕಾದವನು ಯಾರು? ಸಾವಿನ ಸುದ್ದಿ ಹೊತ್ತು ಮಳೆಯಲ್ಲಿ ಹತ್ತು ಮೈಲಿ ನಡೆದು ನೆಂಟರಿಗೆ ಹೇಳಿದವನು ಯಾರು? ಪ್ಲೇಗು, ಕಾಲರಾ ಬಂದು ಊರವರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಾಗ ಗುಂಡಿ ತೋಡಿದವನು ಯಾರು? ಈಗ ಪುಸ್ತಕದಲ್ಲಿ ಬರುವ ಮುನ್ನೆಚ್ಚರಿಕೆ, ಸಂಪರ್ಕ, ನಿಗಾ, ಶವ ನಿರ್ವಹಣೆ ಎಲ್ಲವೂ ಇಲ್ಲಿವೆ. ಹಳೇ ಹಳ್ಳಿಯ ವಿಪತ್ತು ಇಲಾಖೆ ಪೂರ್ತಿ ಇದ್ದದ್ದು ಕೇರಿಯಲ್ಲಿ. ಸಂಬಳ ಮಾತ್ರ ಇರಲಿಲ್ಲ. ಅದಕ್ಕೆ ಹೆಸರು ಬಿಟ್ಟಿ ಚಾಕರಿ.

ಇಲ್ಲಿ ನಾವು ಒಂದು ಕಷ್ಟದ ಪ್ರಶ್ನೆಯನ್ನು ಮುಖಾಮುಖಿ ನೋಡಬೇಕು. ಬಲವಂತದಿಂದ ಕಲಿತದ್ದು ವಿದ್ಯೆಯೇ? ಅದನ್ನು ನಾವು ನಮ್ಮ ಹೆಮ್ಮೆ ಅಂತ ಹೇಳಿಕೊಳ್ಳಬೇಕೇ, ಅಥವಾ ನಮ್ಮ ಸಂಕೋಲೆ ಅಂತ ಕಿತ್ತೊಗೆಯಬೇಕೇ?

ಹೆಮ್ಮೆ ಅಂದುಬಿಟ್ಟರೆ ಒಂದು ಅಪಾಯವಿದೆ. ಈಗೀಗ ಪಟ್ಟಣದ ವಿದ್ವಾಂಸರಿಗೆ ನಮ್ಮ 'ಪಾರಂಪರಿಕ ಜ್ಞಾನ'ದ ಮೇಲೆ ಎಲ್ಲಿಲ್ಲದ ಪ್ರೀತಿ ಬಂದಿದೆ. ಆಹಾ ನೀರಗಂಟಿ, ಆಹಾ ತಮಟೆ ಅನ್ನುತ್ತಾರೆ. ಹೊಗಳುತ್ತಾ ಹೊಗಳುತ್ತಾ ಆ ಕೆಲಸವನ್ನು ಮತ್ತೆ ನಮ್ಮ ಹೆಗಲಿಗೇ ಕಟ್ಟುತ್ತಾರೆ. ನಿಮಗೆ ಅಭ್ಯಾಸ ಇದೆ ಅಲ್ಲವೇ, ನೀವೇ ಮಾಡಿ ಅನ್ನುತ್ತಾರೆ. ಅಭ್ಯಾಸ ಹೇಗೆ ಬಂತು ಅಂತ ಕೇಳೋದಿಲ್ಲ. ಇನ್ನೊಂದು ಕಡೆ, ಸಂಕೋಲೆ ಅಂತ ಪೂರ್ತಿ ಕಿತ್ತೊಗೆದರೆ ನಮ್ಮ ಅಪ್ಪ ಅಜ್ಜಂದಿರ ತಲೆಯೊಳಗಿದ್ದ ತಿಳುವಳಿಕೆಯನ್ನೂ ಬೆಂಕಿಗೆ ಹಾಕಿದ ಹಾಗೆ. ಅವರು ದಡ್ಡರಾಗಿದ್ದರು, ಬರೀ ಮೈ ದುಡಿಸಿದರು ಅಂತ ನಾವೇ ಒಪ್ಪಿಕೊಂಡ ಹಾಗೆ.

ನಮ್ಮ ನಿಲುವು ಇದು: ತಿಳುವಳಿಕೆ ನಮ್ಮದು, ಬಲವಂತ ಅವರದು. ಎರಡನ್ನೂ ಬಿಡಿಸಿ ಇಡಬೇಕು. ತಿಳುವಳಿಕೆ ತರಗತಿಯೊಳಗೆ ಬರಲಿ, ಎಲ್ಲ ಜಾತಿಯ ಹುಡುಗ ಹುಡುಗಿಯರೂ ಅದನ್ನು ಕಲಿಯಲಿ. ಬಲವಂತ ಮಾತ್ರ ಊರಲ್ಲೂ ಉಳಿಯಬಾರದು. ಈ ಬಿಡಿಸುವ ಕೆಲಸ ಮಾಡದ ಪದವಿ ಹಳೇ ಬಿಟ್ಟಿ ಚಾಕರಿಗೆ ಹೊಸ ಅಂಗಿ ತೊಡಿಸುತ್ತದೆ, ಅಷ್ಟೆ.

*

ಈಗ ಅಜ್ಜನ ಪ್ರಶ್ನೆಗೆ ಬರುತ್ತೇವೆ. ಹೆಣ ಎತ್ತುವುದು ಪಠ್ಯದಲ್ಲಿ ಬರುವುದಿಲ್ಲ ಅಂದರು ಅಧ್ಯಾಪಕರು. ಅದರ ಬಗ್ಗೆ ಪಠ್ಯವೇ ಇಲ್ಲವೇ? ಇದೆ. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ರೆಡ್ ಕ್ರಾಸ್ ಮುಂತಾದವರು ಸೇರಿ ವಿಪತ್ತಿನಲ್ಲಿ ಸತ್ತವರ ದೇಹಗಳನ್ನು ಹೇಗೆ ನೋಡಿಕೊಳ್ಳಬೇಕು ಅಂತಲೇ ಒಂದು ಕೈಪಿಡಿ ತಂದರು. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ 2010ರಲ್ಲಿ ಇದೇ ವಿಷಯಕ್ಕೆ ಮಾರ್ಗಸೂಚಿ ಹೊರಡಿಸಿತು. ಪ್ರತಿ ದೇಹಕ್ಕೂ ಒಂದು ಸಂಖ್ಯೆ ಕೊಡಬೇಕು, ಫೋಟೋ ತೆಗೆಯಬೇಕು, ಬಟ್ಟೆ ಒಡವೆ ಗುರುತು ಬರೆದಿಡಬೇಕು, ಮನೆಯವರು ಬಂದು ಗುರುತಿಸಲು ಅವಕಾಶ ಕೊಡಬೇಕು, ಅವಸರದಲ್ಲಿ ಸಾಮೂಹಿಕವಾಗಿ ಹೂಳಬಾರದು, ಸುಡಬಾರದು. ಸತ್ತವರಿಗೂ ಮರ್ಯಾದೆ ಇದೆ, ಬದುಕಿರುವ ಮನೆಯವರಿಗೆ ತಮ್ಮವರು ಏನಾದರು ಅಂತ ತಿಳಿಯುವ ಹಕ್ಕಿದೆ.

ಆ ಪುಸ್ತಕಗಳಲ್ಲಿರುವ ಇನ್ನೊಂದು ಮಾತು ನಮ್ಮನ್ನು ನಿದ್ದೆಯಿಂದ ಬಡಿದೆಬ್ಬಿಸಿತು. ನೆರೆ, ಭೂಕಂಪದಲ್ಲಿ ಸತ್ತವರ ಹೆಣದಿಂದ ಊರಿಗೆಲ್ಲ ಸಾಂಕ್ರಾಮಿಕ ರೋಗ ಹರಡುತ್ತೆ ಅನ್ನೋದು ತಪ್ಪು ನಂಬಿಕೆ. ಅವರು ಸತ್ತದ್ದು ಪೆಟ್ಟಿನಿಂದ, ನೀರು ಕುಡಿದು, ಸುಟ್ಟು, ರೋಗದಿಂದ ಅಲ್ಲ. ದೂರ ನಿಂತವರಿಗೆ ಅಪಾಯ ತೀರ ಕಡಿಮೆ. ಕೈಯಾರೆ ಹೆಣ ಮುಟ್ಟಿ ಎತ್ತುವವನಿಗೆ ಮಾತ್ರ ರಕ್ತದಿಂದ, ಮಲದಿಂದ ಕ್ಷಯ, ಕಾಮಾಲೆ, ಭೇದಿಯಂಥ ರೋಗ ತಗಲುವ ಸ್ವಲ್ಪ ಅಪಾಯವಿದೆ. ಅವನಿಗೆ ಕೈಗವಸು, ಬೂಟು ಬೇಕು, ಕೈ ತೊಳೆಯಲು ಸೋಪು ನೀರು ಬೇಕು.

ಈಗ ಯೋಚನೆ ಮಾಡಿ. ನಮ್ಮಲ್ಲಿ ನಡೆಯುವುದು ಏನು? ಅಪಾಯ ಇಲ್ಲದವರು ಮೂಗಿಗೆ ಬಟ್ಟೆ ಕಟ್ಟಿಕೊಂಡು ದೂರ ನಿಲ್ಲುತ್ತಾರೆ. ಅಪಾಯ ಇರುವವನು ಬರಿಗೈಯಲ್ಲಿ ಎತ್ತುತ್ತಾನೆ. ವಿಜ್ಞಾನ ಹೇಳಿದ್ದಕ್ಕೆ ಇದು ಸರಿಯಾಗಿ ಉಲ್ಟಾ. ಹಾಗಾದರೆ ದೂರ ನಿಂತವರ ಭಯ ಎಲ್ಲಿಂದ ಬಂತು? ಅದಕ್ಕೆ ನಮ್ಮ ಭಾಷೆಯಲ್ಲಿ ಹಳೆಯ ಶಬ್ದ ಇದೆ, ಮೈಲಿಗೆ. ರೋಗದ ಭಯ ಅಂತ ಅದು ಹೆಸರು ಬದಲಿಸಿಕೊಂಡಿದೆ. ಒಂದು ವಿದ್ಯೆ ಇಂಥ ಸುಳ್ಳನ್ನು ಬಯಲು ಮಾಡದಿದ್ದರೆ ಅದನ್ನು ಕಲಿತು ಏನು ಉಪಯೋಗ?

2004ರ ಸುನಾಮಿಯಲ್ಲಿ ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ 6,000ಕ್ಕೂ ಹೆಚ್ಚು ಜನ ಸತ್ತರು. ಆ ದೇಹಗಳನ್ನು ಎತ್ತಲು ಬೇರೆ ಬೇರೆ ಪುರಸಭೆಗಳಿಂದ ಪೌರಕಾರ್ಮಿಕರನ್ನು ಕರೆತಂದರು. ಅವರು ದಲಿತರು. ಅದೇ ಕರಾವಳಿಯಲ್ಲಿ ದಲಿತ ಕುಟುಂಬಗಳಿಗೆ ಪರಿಹಾರ ಶಿಬಿರದಲ್ಲಿ, ನೀರಿನ ಹತ್ತಿರ, ಸಾಮಾನು ಹಂಚುವ ಸಾಲಿನಲ್ಲಿ ತಾರತಮ್ಯ ಆಯಿತು ಅಂತ ದಲಿತ ಮಾನವ ಹಕ್ಕು ಸಂಘಟನೆಗಳು ಸಾಕ್ಷಿ ಸಮೇತ ದಾಖಲಿಸಿವೆ. ಹೆಣ ಎತ್ತಲು ಬೇಕಾದ ಕೈ, ಗಂಜಿಯ ಸಾಲಿನಲ್ಲಿ ಬೇಡವಾಯಿತು. 2020, 2021ರ ಕೋವಿಡ್ ಕಾಲದಲ್ಲಿ ನಮ್ಮ ಪೌರಕಾರ್ಮಿಕರನ್ನು, ಮಸಣ ಕಾರ್ಮಿಕರನ್ನು ಯೋಧರು ಅಂತ ಕರೆದು ಹೂ ಹಾಕಿದರು. ಹೂವಿನ ಜೊತೆ ಖಾಯಂ ನೌಕರಿಯ ಆದೇಶ ಎಷ್ಟು ಜನರಿಗೆ ಬಂತು ಅಂತ ಅವರನ್ನೇ ಕೇಳಿ.

*

ಇನ್ನು ಜಾಗದ ಮಾತು. ನೆರೆಗೆ ಜಾತಿ ಇಲ್ಲ, ನೀರು ಎಲ್ಲರನ್ನೂ ಸಮನಾಗಿ ಮುಳುಗಿಸುತ್ತೆ ಅಂತ ಭಾಷಣ ಮಾಡುವವರಿದ್ದಾರೆ. ನೀರಿಗೆ ಜಾತಿ ಇಲ್ಲ, ನಿಜ. ನೆಲಕ್ಕೆ ಇದೆ. ಊರಿನ ದಿನ್ನೆ ಮೇಲೆ ಯಾರ ಮನೆ, ಹಳ್ಳದ ಪಕ್ಕದ ತಗ್ಗಿನಲ್ಲಿ ಯಾರ ಮನೆ ಅನ್ನೋದನ್ನ ನೀರು ಬರುವ ಎಷ್ಟೋ ತಲೆಮಾರು ಮುಂಚೆ ಊರವರು ತೀರ್ಮಾನ ಮಾಡಿರುತ್ತಾರೆ. ನೀರು ಆ ತೀರ್ಮಾನವನ್ನು ಜಾರಿ ಮಾಡುತ್ತದೆ.

ನಮ್ಮಲ್ಲಷ್ಟೇ ಅಲ್ಲ. ಈ ಶಾಸ್ತ್ರ ಹುಟ್ಟಿದ ಹ್ಯಾಲಿಫ್ಯಾಕ್ಸ್ ಊರಿನ ಅಂಚಿನಲ್ಲಿ ಆಫ್ರಿಕ್‌ವಿಲ್ ಅಂತ ಕರಿಯರ ಒಂದು ಕೇರಿ ಇತ್ತು. 1917ರ ಸಿಡಿತದ ಪೆಟ್ಟು ಆ ಕೇರಿಗೂ ಬಿದ್ದಿತ್ತು. ಪರಿಹಾರ ಬಂದದ್ದು ಅಷ್ಟಕ್ಕಷ್ಟೆ, ಊರನ್ನು ಹೊಸದಾಗಿ ಕಟ್ಟಿದ ಹಣ ಅಲ್ಲಿಗೆ ತಲುಪಲಿಲ್ಲ. ಮದ್ದುಗುಂಡಿನ ಸಿಡಿತವನ್ನು ತಾಳಿಕೊಂಡು ಉಳಿದ ಆ ಕೇರಿಯನ್ನು 1960ರ ದಶಕದಲ್ಲಿ ನಗರಾಡಳಿತವೇ ಕೆಡವಿತು. 2010ರಲ್ಲಿ ನಗರ ಕ್ಷಮೆ ಕೇಳಿತು. ಆಫ್ರಿಕ್‌ವಿಲ್‌ನ ಜನಕ್ಕೆ ವಿಪತ್ತು ಯಾವುದು? ಹಡಗು ಸಿಡಿದದ್ದೋ, ಬುಲ್ಡೋಜರ್ ಬಂದದ್ದೋ? ಪದವಿಯ ಮೊದಲ ದಿನವೇ ವಿದ್ಯಾರ್ಥಿಗಳ ಮುಂದೆ ಇಡಬೇಕಾದ ಪ್ರಶ್ನೆ ಇದು.

1927ನೆಯ ಇಸವಿಯನ್ನು ನಾವು ಮರೆಯುವುದಿಲ್ಲ. ಮಾರ್ಚಿ 20ರಂದು ಅಂಬೇಡ್ಕರರು ಮಹಾಡದ ಚೌದಾರ್ ಕೆರೆಯ ನೀರು ಕುಡಿದರು. ಒಂದು ತಿಂಗಳು ಕಳೆದ ಮೇಲೆ, ಏಪ್ರಿಲ್ 21ರಂದು, ಅಮೆರಿಕದ ಮಿಸಿಸಿಪ್ಪಿ ನದಿಯ ಒಡ್ಡು ಒಡೆಯಿತು. ಗ್ರೀನ್‌ವಿಲ್ ಊರಿನ ಬಿಳಿಯರನ್ನು ದೋಣಿಗಳಲ್ಲಿ ಸಾಗಿಸಿದರು. ಸಾವಿರಾರು ಕರಿಯರನ್ನು ಒಡ್ಡಿನ ಮೇಲೇ ಶಿಬಿರ ಹಾಕಿ ಇಟ್ಟುಕೊಂಡರು. ಯಾಕೆ? ಹೋಗಲು ಬಿಟ್ಟರೆ ಅವರು ತಿರುಗಿ ಬರೋದಿಲ್ಲ, ಹತ್ತಿ ಹೊಲಕ್ಕೆ ಆಳು ಸಿಗೋದಿಲ್ಲ ಅಂತ. ಕಾವಲು ಹಾಕಿ ಅವರಿಂದಲೇ ಕೆಲಸ ಮಾಡಿಸಿದರು. ಒಂದು ಕಡೆ ಕುಡಿಯುವ ನೀರು ಮುಟ್ಟಬೇಡ ಅಂದರು, ಇನ್ನೊಂದು ಕಡೆ ಮುಳುಗಿಸುವ ನೀರಿನಿಂದ ಹೊರಗೆ ಹೋಗಬೇಡ ಅಂದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಅಮೆರಿಕದ ಕರಿಯ ಪ್ಯಾಂಥರ್‌ಗಳ ಹೆಸರನ್ನೇ ಇಟ್ಟುಕೊಂಡು ದಲಿತ ಪ್ಯಾಂಥರ್ ಕಟ್ಟಿದ್ದು ಸುಮ್ಮನೆ ಅಲ್ಲ.

*

ಶಾಸ್ತ್ರ ಇದನ್ನೆಲ್ಲ ಹೇಗೆ ನೋಡುತ್ತದೆ? 2007ರಲ್ಲಿ ಅಮೆರಿಕದ ಪರಿಣತರು ಕೂತು ಈ ವೃತ್ತಿಗೆ ಎಂಟು ತತ್ವಗಳನ್ನು ಬರೆದರು. ಸಮಗ್ರವಾಗಿರಬೇಕು, ಮುಂದಾಲೋಚನೆ ಇರಬೇಕು, ಅಪಾಯದ ಲೆಕ್ಕದ ಮೇಲೆ ನಡೆಯಬೇಕು, ಎಲ್ಲರನ್ನೂ ಒಟ್ಟುಗೂಡಿಸಬೇಕು, ಸಹಕಾರ ಇರಬೇಕು, ಸಮನ್ವಯ ಇರಬೇಕು, ಬಾಗುವ ಗುಣ ಇರಬೇಕು, ವೃತ್ತಿಪರವಾಗಿರಬೇಕು. ಎಂಟೂ ಒಳ್ಳೆಯ ಮಾತೇ. ನ್ಯಾಯ ಅನ್ನುವ ಮಾತು ಮಾತ್ರ ಆ ಎಂಟರಲ್ಲಿ ಇಲ್ಲ. ಕಟ್ರೀನಾ ಆಗಿ ಎರಡೇ ವರ್ಷ ಆಗಿತ್ತು.

ನಮ್ಮ ಕಾನೂನು ಈ ಒಂದು ವಿಷಯದಲ್ಲಿ ಮೇಲು. 2005ರ ಕಾಯಿದೆಯ 61ನೇ ಕಲಮು ಪರಿಹಾರ ಕೊಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮದ ಆಧಾರದ ಮೇಲೆ ತಾರತಮ್ಯ ಮಾಡಬಾರದು ಅಂತ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅದೇ ಕಾಯಿದೆ ವಿಪತ್ತು ಅಂದರೇನು ಅಂತ ಹೇಳುವಾಗ, ಆ ಪ್ರದೇಶದ ಸಮುದಾಯ ತಾಳಿಕೊಳ್ಳುವ ಶಕ್ತಿಯನ್ನು ಮೀರಿದ್ದಾಗಿರಬೇಕು ಅನ್ನುತ್ತದೆ. ಮ್ಯಾನ್‌ಹೋಲಿಗೆ ಇಳಿದ ಇಬ್ಬರು ಉಸಿರುಗಟ್ಟಿ ಸತ್ತರೆ ಅದು ಊರಿನ ತಾಳಿಕೆಯನ್ನು ಮೀರುವುದಿಲ್ಲ. ಊರು ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ಮಾರನೇ ದಿನ ಇನ್ನಿಬ್ಬರನ್ನು ಇಳಿಸುತ್ತದೆ. ಕೈಯಿಂದ ಮಲ ಬಳಿಯುವುದನ್ನು ನಿಷೇಧಿಸುವ ಕಾಯಿದೆ 2013ರಲ್ಲಿ ಬಂತು. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಸಾವು ನಿಂತಿಲ್ಲ. ಒಂದೇ ದಿನ ನೂರು ಜನ ಸತ್ತರೆ ವಿಪತ್ತು, ನೂರು ದಿನಕ್ಕೆ ನೂರು ಜನ ಸತ್ತರೆ ಮಾಮೂಲು. ಈ ಮಾಮೂಲನ್ನು ಪ್ರಶ್ನಿಸಲು ಕಲಿಸುವ ಪದವಿ ನಮಗೆ ಬೇಕು.

*

ಬರೀ ಟೀಕೆ ಮಾಡಿ ಎದ್ದುಹೋಗುವವರು ನಾವಲ್ಲ. ಆ ಕರಡಿನ ಮೇಲೆ ಮತ್ತೆ ಕೂತೆವು. ಅಧ್ಯಾಪಕರೂ ಕೂತರು. ನಾವು ಮುಂದಿಟ್ಟ ಮಾತುಗಳು ಇವು.

ಒಂದು, ಮೊದಲ ವರ್ಷದ ಮೊದಲ ಕ್ಷೇತ್ರಕಾರ್ಯ ಊರಿನ ನಕಾಶೆ ಬರೆಯುವುದಾಗಲಿ. ಯಾರ ಮನೆ ಎತ್ತರದಲ್ಲಿ, ಯಾರದು ತಗ್ಗಿನಲ್ಲಿ, ಯಾರ ಬೀದಿಗೆ ದೊಡ್ಡ ವಾಹನ ಹೋಗುತ್ತೆ, ಯಾರ ಬಾವಿ ಯಾರಿಗೆ ಸಿಗೋದಿಲ್ಲ, ಗಂಜಿ ಕೇಂದ್ರ ಮಾಡುವ ಶಾಲೆ ಯಾವ ಬೀದಿಯಲ್ಲಿದೆ, ಅಲ್ಲಿಗೆ ಕೇರಿಯ ಹೆಂಗಸರು ಹೆದರದೆ ಬರುತ್ತಾರೋ ಇಲ್ಲವೋ. ಉಪಗ್ರಹಕ್ಕೆ ಊರಿನ ಸೂರುಗಳು ಕಾಣುತ್ತವೆ. ಸೂರಿನ ಕೆಳಗಿನ ಜಾತಿ ಕಾಣುವುದಿಲ್ಲ. ಅದನ್ನು ನಡೆದೇ ನೋಡಬೇಕು.

ಎರಡು, ಮೃತದೇಹಗಳ ನಿರ್ವಹಣೆ ಕಡ್ಡಾಯ ವಿಷಯವಾಗಲಿ. ಎಲ್ಲ ಜಾತಿಯ ವಿದ್ಯಾರ್ಥಿಗಳಿಗೂ. ಕೈಗವಸು ಹಾಕಿಕೊಳ್ಳುವುದರಿಂದ ಹಿಡಿದು ಮನೆಯವರ ಮುಂದೆ ನಿಂತು ಮಾತಾಡುವುದರ ತನಕ. ಆ ತರಗತಿಗೆ ಬರಲ್ಲ ಅಂದವನಿಗೆ ಪದವಿ ಇಲ್ಲ.

ಮೂರು, ಕಲಿಸುವವರು ಯಾರು ಅನ್ನೋದು. ನೀರಗಂಟಿ, ಅಂಬಿಗ, ನಿವೃತ್ತ ಪೌರಕಾರ್ಮಿಕ, ಹೆರಿಗೆ ಮಾಡಿಸುವ ಅಜ್ಜಿ, ಇವರು ತರಗತಿಗೆ ಬಂದು ಪಾಠ ಹೇಳಲಿ. ಹಾರ ತುರಾಯಿ ಬೇಡ, ಅತಿಥಿ ಉಪನ್ಯಾಸಕರಿಗೆ ಕೊಡುವ ಸಂಬಳವನ್ನೇ ಕೊಡಿ.

ನಾಲ್ಕು, ಮೆಟ್ಟಿಲು. ಸರ್ಕಾರ 'ಆಪದ್ ಮಿತ್ರ' ಅನ್ನುವ ಯೋಜನೆಯಲ್ಲಿ ಹಳ್ಳಿಯ ಯುವಕ ಯುವತಿಯರಿಗೆ ಕೆಲವು ದಿನಗಳ ತರಬೇತಿ ಕೊಡುತ್ತದೆ. ಒಳ್ಳೆಯದೇ. ಆದರೆ ನಮ್ಮ ಮಕ್ಕಳಿಗೆ ಕೆಲವು ದಿನದ ಸರ್ಟಿಫಿಕೇಟು, ಅವರ ಮಕ್ಕಳಿಗೆ ಮೂರು ವರ್ಷದ ಪದವಿ. ನಮ್ಮವರು ಸ್ವಯಂಸೇವಕರು, ಅವರು ಅಧಿಕಾರಿಗಳು ಅಂತ ಆದರೆ ಅದು ಹೊಸ ವರ್ಣವ್ಯವಸ್ಥೆ. ಆ ತರಬೇತಿ ಪಡೆದವನಿಗೆ ಪದವಿಯೊಳಗೆ ದಾರಿ ಇರಲಿ. ಮೀಸಲಾತಿ ಸೀಟಿನಲ್ಲಿ ನಿಲ್ಲದೆ ನೌಕರಿಯ ತನಕ ಹೋಗಲಿ.

ಇದೆಲ್ಲ ಆಗುವ ಮಾತೇ ಅಂತ ಕೇಳಬಹುದು. ಅಮೆರಿಕದಲ್ಲಿ ವಿಲಿಯಂ ಆಂಡರ್‌ಸನ್ ಅನ್ನುವ ಕರಿಯ ಸಮಾಜಶಾಸ್ತ್ರಜ್ಞ ಒಹಾಯೊದ ಆ ಸಂಶೋಧನಾ ಕೇಂದ್ರದಲ್ಲೇ ಕಲಿತು, 1964ರ ಅಲಾಸ್ಕಾ ಭೂಕಂಪವನ್ನು ಅಧ್ಯಯನ ಮಾಡಿ ಈ ಕ್ಷೇತ್ರದಲ್ಲಿ ದೊಡ್ಡ ಹೆಸರಾದರು. 2013ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಒಂದು ನಿಧಿ ಕಟ್ಟಿ, ಹಿಂದಕ್ಕೆ ತಳ್ಳಲ್ಪಟ್ಟ ಜನಾಂಗಗಳ ವಿದ್ಯಾರ್ಥಿಗಳು ಇದೇ ವಿಷಯದಲ್ಲಿ ಡಾಕ್ಟರೇಟ್ ಮಾಡಲು ಬೆಂಬಲ ಕೊಡುತ್ತಿದ್ದಾರೆ. ಕರಿಯರಿಗಾಗಿ ಹುಟ್ಟಿದ ಸವಾನಾ ಸ್ಟೇಟ್‌ನಂಥ ಕಾಲೇಜುಗಳು ತಾವೇ ಈ ಪದವಿ ತೆರೆದಿವೆ. ನೆರೆಯಲ್ಲಿ ಒಡ್ಡಿನ ಮೇಲೆ ಕಾವಲಿನಲ್ಲಿದ್ದವರ ಮೊಮ್ಮಕ್ಕಳ ಕಾಲಕ್ಕೆ ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು?

ನಮ್ಮ ನಾಲ್ಕು ಮಾತುಗಳಲ್ಲಿ ಎರಡನ್ನು ಅಧ್ಯಾಪಕರು ಕರಡಿಗೆ ಸೇರಿಸಿದ್ದಾರೆ. ಸಂಬಳದ ಮಾತು, ನೌಕರಿಯ ಮಾತು ತಮ್ಮ ಕೈಯಲ್ಲಿಲ್ಲ ಅಂದರು. ಅದು ನಿಜ. ಅದು ಬೀದಿಯಲ್ಲಿ ಕೇಳಬೇಕಾದ ಮಾತು, ಕೇಳುತ್ತೇವೆ. ಈ ಪತ್ರಿಕೆ ಓದುವ ಮೇಷ್ಟ್ರುಗಳು, ವಿದ್ಯಾರ್ಥಿಗಳು ತಮ್ಮ ಊರಿಗೆ ಇಂಥ ಪದವಿ ಬಂದಾಗ ಮೊದಲು ಪಠ್ಯಕ್ರಮ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಏನಿದೆ ಅನ್ನೋದಕ್ಕಿಂತ ಏನಿಲ್ಲ ಅಂತ ಓದಿ. ಇಲ್ಲದ ಆ ಕೆಲಸವನ್ನು ನಿಮ್ಮೂರಲ್ಲಿ ಯಾರು ಮಾಡುತ್ತಿದ್ದಾರೆ ಅಂತ ಹುಡುಕಿಕೊಂಡು ಹೋಗಿ.

ಕಳೆದ ವಾರ ಅಜ್ಜನ ಮನೆಗೆ ಹೋಗಿ ಹೇಳಿದೆವು: "ಅಜ್ಜಾ, ನೀ ಕೇಳಿದ್ದಕ್ಕ ಉತ್ತರ ಸಿಕ್ತು. ಮೊದಲನೇ ವರ್ಷದಾಗ."

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಗೌಡ್ರ ಹುಡುಗ್ರೂ ಎತ್ತತಾರೇನು?"

"ಎತ್ತಬೇಕು ಅಂತ ಬರದೈತಿ."

"ಬರದಿದ್ದು ಭಾಳ ನೋಡೀನಿ," ಅಂದ. ಆಮೇಲೆ ಮೊಮ್ಮಗನ ಕಡೆ ತಿರುಗಿ, "ನೀ ಆ ಕ್ಲಾಸಿಗೆ ಹೆಸರು ಹಚ್ಚು. ಯಾರು ಎತ್ತತಾರ, ಯಾರು ದೂರ ನಿಂದರ್ತಾರ ಅಂತ ಬರಕೋ," ಅಂದ.